ಕಡಲಕರೆಯಲ್ಲೊಂದು ಬಿಸು

ಸಂವತ್ಸರವು ಎಲ್ಲರ ಮನೆಗೂ ಒಂದೇ ದಿನ ಬರುವುದಿಲ್ಲ. ಘಟ್ಟದ ಮೇಲಿನವರಿಗೆ ಅದು ಚೈತ್ರ ಶುದ್ಧ ಪಾಡ್ಯದಂದು ಬೇವುಬೆಲ್ಲದೊಡನೆ ಬರುವುದು. ಘಟ್ಟದ ಕೆಳಗಿನ ತುಳುನಾಡಿಗೆ ಸೂರ್ಯನು ಮೇಷರಾಶಿಯನ್ನು ಪ್ರವೇಶಿಸಿದ ಮೇಲೆ, ಏಪ್ರಿಲ್ 14 ಅಥವಾ 15ರಂದು ಬರುವುದು. ಪಂಚಾಂಗದವರು ಇದನ್ನು ಸೌರಮಾನ ಯುಗಾದಿಯೆನ್ನುವರು. ಊರವರು ಬಿಸು ಎನ್ನುವರು. ತುಳುವರ ಪಗ್ಗು ತಿಂಗಳಿಗೆ ಅದೇ ಮೊದಲ ದಿನ. ಎರಡು ಯುಗಾದಿಗಳ ನಡುವೆ ಕೆಲವು ವರುಷ ನಾಲ್ಕಾರು ದಿನಗಳ ಅಂತರವಿದ್ದರೆ, ಕೆಲವು ವರುಷ ಮೂರು ನಾಲ್ಕು ವಾರಗಳ ಅಂತರವಿರುವುದುಂಟು. ಆ ನಡುವಿನ ದಿನಗಳಲ್ಲಿ ಘಟ್ಟವಿಳಿದವನಿಗೆ, ತನ್ನ ಊರಿನಲ್ಲಿ ಕಳೆದುಹೋದ ಹಬ್ಬವು ಇನ್ನೊಂದು ಊರಿನಲ್ಲಿ ಇನ್ನೂ ಬರಬೇಕಾಗಿರುತ್ತದೆ.

ಚಿತ್ರದುರ್ಗದ ಕಡೆಯ ಒಬ್ಬ ಮೇಷ್ಟರಿಗೆ ಹೀಗೆಯೇ ಆಯಿತು. ಅವರು ಮೂವತ್ತು ವರುಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ಹಿಂದಿನ ಆಷಾಢದಲ್ಲಿ ಅವರ ಪತ್ನಿ ತೀರಿಕೊಂಡಿದ್ದರು. ಒಬ್ಬಳೇ ಮಗಳು ದೂರದ ಊರಿನಲ್ಲಿ ಸಂಸಾರಸ್ಥೆ. ವರುಷ ತುಂಬುವ ತನಕ ಮನೆಯಲ್ಲಿ ಹಬ್ಬಹರಿದಿನಗಳಿಲ್ಲವೆಂಬುದು ಎಲ್ಲರೂ ಬಲ್ಲ ಕಟ್ಟಳೆ. ಆ ಕಟ್ಟಳೆಯನ್ನು ಮೇಷ್ಟರು ಭಕ್ತಿಯಿಂದ ಪಾಲಿಸಿದರೆನ್ನುವುದಕ್ಕಿಂತ ಅದರ ಹಿಂದೆ ಅಡಗಿಕೊಂಡರೆಂದರೆ ಸರಿಯಾದೀತು. ದಸರೆ ಕಳೆಯಿತು, ದೀಪಾವಳಿ ಕಳೆಯಿತು. ಯುಗಾದಿಯ ದಿನ ಬೀದಿಯಲ್ಲೆಲ್ಲ ಮಾವಿನ ತೋರಣ. ಅವರ ಬಾಗಿಲಿಗೆ ಮಾತ್ರ ಅಗಳಿ. ನೆರೆಯವರು ಒಬ್ಬಟ್ಟನ್ನು ಕೊಡಲು ಬಂದು, ಕೊಡಬಹುದೋ ಕೊಡಬಾರದೋ ಎಂದು ಅನುಮಾನಿಸಿ ಜಗಲಿಯಿಂದಲೇ ಹಿಂದಿರುಗಿದುದನ್ನು ಅವರು ಕಿಟಕಿಯೊಳಗಿನಿಂದ ಕಂಡರು. ಆ ದಿನ ಅವರು ಬೇವನ್ನೂ ತಿನ್ನಲಿಲ್ಲ, ಬೆಲ್ಲವನ್ನೂ ತಿನ್ನಲಿಲ್ಲ.

ಅವರೊಡನೆ ಅದೇ ಶಾಲೆಯಲ್ಲಿ ಹತ್ತು ವರುಷ ಕೆಲಸ ಮಾಡಿದ ಕಿರಿಯ ಗೆಳೆಯನೊಬ್ಬನು ಈಗ ತನ್ನ ಊರಾದ ಕಾಪುವಿನ ಹತ್ತಿರವೇ ವರ್ಗವಾಗಿ ಹೋಗಿದ್ದನು. ಯುಗಾದಿಯಾದ ನಾಲ್ಕು ದಿನಕ್ಕೆ ಅವನು ದೂರವಾಣಿಯಲ್ಲಿ ಮಾತನಾಡಿ, ಬಿಸುವಿಗೆ ತಮ್ಮ ಮನೆಗೆ ಬರಬೇಕೆಂದು ಕೇಳಿದನು. ಮೇಷ್ಟರು ಬರಲಾಗದೆಂದರು. ಕಾರಣವನ್ನು ಹೇಳಲು ಅವರಿಗೆ ಸಂಕೋಚ. ಅಷ್ಟರಲ್ಲಿ ಆಚೆಯಿಂದ ಒಂದು ವೃದ್ಧ ಸ್ವರವು, “ಹಬ್ಬಕ್ಕೆ ಅಂತ ಬರುವುದು ಬೇಡ ಮಾಷ್ಟ್ರೇ, ಸುಮ್ಮನೆ ಬನ್ನಿ. ಕಡಲ ಗಾಳಿ ಕುಡಿದು ಹೋಗಿ,” ಎಂದಿತು. ಗೆಳೆಯನ ತಾಯಿಯ ಮಾತು ಅದು. ಸುಮ್ಮನೆ ಬರುವುದಕ್ಕೆ ಇಲ್ಲವೆನ್ನಲು ಯಾವ ಶಾಸ್ತ್ರವೂ ಅವರ ನೆರವಿಗೆ ಬರಲಿಲ್ಲ.

ಚಿತ್ರದುರ್ಗದಿಂದ ಶಿವಮೊಗ್ಗೆ, ತೀರ್ಥಹಳ್ಳಿಗಳ ಮೇಲೆ ಬಂದು ಆಗುಂಬೆಯಲ್ಲಿ ಘಟ್ಟವಿಳಿಯುವ ದಾರಿಯು ಒಂದೇ ದಿನದಲ್ಲಿ ಎರಡು ದೇಶಗಳನ್ನು ತೋರಿಸುವಂಥದು. ಹೊರಟ ಊರಿನಲ್ಲಿ ವರುಷಕ್ಕೆ ಬೀಳುವ ಮಳೆಯು ಆರುನೂರು ಮಿಲಿಮೀಟರಿನ ಸುತ್ತಮುತ್ತ. ಸೇರುವ ಊರಿನಲ್ಲಿ ಅದು ನಾಲ್ಕು ಸಾವಿರದಷ್ಟು. ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಚಿಕ್ಕ ಬಸ್ಸೊಂದು ಏದುತ್ತ ಇಳಿಯಿತು. ಹೆಬ್ರಿ ಕಳೆದ ಮೇಲೆ ಗಾಳಿಯು ತೇವವಾಯಿತು, ಮಣ್ಣು ಕೆಂಪಾಯಿತು, ಮನೆಗಳ ಮಾಡು ಇಳಿಜಾರಾಯಿತು. ಉಡುಪಿಯಲ್ಲಿ ಬಸ್ಸು ಬದಲಾಯಿಸಿ ಹನ್ನೆರಡು ಹದಿಮೂರು ಕಿಲೋಮೀಟರು ದಕ್ಷಿಣಕ್ಕೆ ಬಂದರೆ ಕಾಪು. ಅಲ್ಲಿ ಕಡಲಂಚಿನ ಬಂಡೆಯ ಮೇಲೆ 1901ರಲ್ಲಿ ಕಟ್ಟಿದ ದೀಪಸ್ತಂಭವು ಇಂದಿಗೂ ನಿಂತಿದೆ. ಹೆದ್ದಾರಿಯಲ್ಲಿ ಕಾದಿದ್ದ ಗೆಳೆಯನು ಚೀಲವನ್ನು ಕೈಯಿಂದ ಕಿತ್ತುಕೊಂಡನು. ತೆಂಗಿನ ತೋಟದ ನಡುವಣ ಓಣಿಯಲ್ಲಿ ನಡೆಯುವಾಗ, ಕಣ್ಣಿಗೆ ಕಾಣುವ ಮುನ್ನವೇ ಸಮುದ್ರವು ಕಿವಿಗೆ ಬಿದ್ದಿತು.

ಮನೆಯು ದೊಡ್ಡದಲ್ಲ. ಹಂಚಿನ ಮಾಡು, ಎದುರಿಗೆ ಚಾವಡಿ, ಅಂಗಳದಲ್ಲಿ ತುಳಸಿಕಟ್ಟೆ. ಹಿಂದೆ ಬಸಳೆಯ ಚಪ್ಪರ, ಬಾವಿ. ಒಂದು ಬದಿಗೆ ಕೊಯ್ಲಾಗಿ ಒಣಗಿ ಬಿರಿದ ಗದ್ದೆ, ಇನ್ನೊಂದು ಬದಿಗೆ ತೆಂಗು. ತೆಂಗು ಮುಗಿದಲ್ಲಿ ಮರಳು, ಮರಳು ಮುಗಿದಲ್ಲಿ ಕಡಲು. ಗೆಳೆಯ, ಅವನ ಹೆಂಡತಿ, ಇಬ್ಬರು ಮಕ್ಕಳು, ತಾಯಿ, ಇಷ್ಟು ಮಂದಿ. ಬಂದವರಿಗೆ ಮೊದಲು ಬೆಲ್ಲದ ತುಂಡೊಂದನ್ನೂ ತಂಬಿಗೆ ನೀರನ್ನೂ ತಂದಿಟ್ಟರು. ಮೇಷ್ಟರು ಆ ಬೆಲ್ಲವನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಿಸಿಲಿನಲ್ಲಿ ಬಂದವರಿಗೆಲ್ಲ ಕೊಡುವ ಬೆಲ್ಲವದು. ಅದಕ್ಕೂ ಯುಗಾದಿಗೂ ಸಂಬಂಧವಿಲ್ಲ. ಆದರೂ ಆ ವರುಷದ ಬೆಲ್ಲವು ಅವರ ನಾಲಗೆಗೆ ತಾಗಿದುದು ಹಾಗೆ.

ಸಂಜೆ ಚಾವಡಿಯಲ್ಲಿ ಮಕ್ಕಳು ಗಣಿತದ ಮೇಷ್ಟರೆಂದರೆ ಸ್ವಲ್ಪ ದೂರವೇ ಕುಳಿತರು. ಹತ್ತು ವರುಷದ ಹಿರಿಯ ಹುಡುಗಿಯು ಮಾತ್ರ, ಬಿಸು ಎಂದರೇನೆಂದು ಕೇಳಿದಳು. ಹಲವು ತಿಂಗಳುಗಳಿಂದ ಯಾರೂ ಅವರನ್ನು ಪ್ರಶ್ನೆ ಕೇಳಿರಲಿಲ್ಲ. ವಿಷುವ ಎಂಬ ಶಬ್ದವೇ ವಿಷುವಾಗಿ, ತುಳುವಿನಲ್ಲಿ ಬಿಸುವಾಯಿತೆಂದೂ, ಹಗಲಿರುಳುಗಳು ಸಮವಾಗುವ ದಿನವೇ ವಿಷುವವೆಂದೂ ಅವರು ಹೇಳಿದರು. ಆದರೆ ಹಗಲಿರುಳು ಸಮವಾಗುವುದು ಮಾರ್ಚ್ 20 ಅಥವಾ 21ರಂದು. ಬಿಸು ಬರುವುದು ಏಪ್ರಿಲ್ ನಡುವಿನಲ್ಲಿ. ಇದೇಕೆ? ಭೂಮಿಯ ಅಕ್ಷವು ವೇಗ ತಗ್ಗಿದ ಬುಗುರಿಯಂತೆ ಓಲಾಡುತ್ತ ಸುಮಾರು 26,000 ವರುಷಗಳಿಗೆ ಒಂದು ಸುತ್ತು ಬರುವುದು. ಆದುದರಿಂದ ವಿಷುವದ ಬಿಂದುವು ಸುಮಾರು 72 ವರುಷಗಳಿಗೆ ಒಂದು ಅಂಶದಷ್ಟು ನಕ್ಷತ್ರಗಳ ನಡುವೆ ಹಿಂದಕ್ಕೆ ಸರಿಯುವುದು. ಒಂದಾನೊಂದು ಕಾಲದಲ್ಲಿ ಮೇಷ ಸಂಕ್ರಮಣವೂ ವಿಷುವವೂ ಕೂಡಿಯೇ ಇದ್ದುವು. ಈಗ ಇವೆರಡಕ್ಕೂ ಇಪ್ಪತ್ತನಾಲ್ಕು ದಿನಗಳಷ್ಟು ಅಗಲಿಕೆ. 1952ರಲ್ಲಿ ನೇಮಕವಾದ ಮೇಘನಾದ ಸಹಾ ಅವರ ಪಂಚಾಂಗ ಸಮಿತಿಯು ಇದನ್ನೆಲ್ಲ ವಿಚಾರಿಸಿತು. ಅದರ ಫಲವಾಗಿ 1957ರ ಮಾರ್ಚ್ 22ರಿಂದ ಸರಕಾರದ ರಾಷ್ಟ್ರೀಯ ಪಂಚಾಂಗವು ನಡೆಗೆ ಬಂದಿತು. ಆದರೆ ಜನರ ಹಬ್ಬವು ಸರಕಾರದ ಪಂಚಾಂಗದ ಹಿಂದೆ ಹೋಗಲಿಲ್ಲ.

“ಹಾಗಾದರೆ ನಾವು ಹಬ್ಬವನ್ನು ತಡ ಮಾಡುವುದಾ?” ಎಂದು ಹುಡುಗಿ ಕೇಳಿದಳು. ಮೇಷ್ಟರಿಗೆ ನಗೆ ಬಂದಿತು. ಒಳಗಿನಿಂದ ಅಜ್ಜಿಯು, “ತಡವಾದರೆ ಎಂತ, ಬರುತ್ತದಲ್ಲ,” ಎಂದು ಮುಗಿಸಿದರು.

ಆ ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಮಲಗಿಸಿ ಅಜ್ಜಿಯು ದೇವರ ಕೋಣೆಯಲ್ಲಿ ಕಣಿಯನ್ನು ಇಡತೊಡಗಿದರು. ಬಿಸುವಿನ ಬೆಳಿಗ್ಗೆ ಕಣ್ಣುಬಿಟ್ಟೊಡನೆ ಮೊದಲು ಕಾಣುವುದು ಶುಭವಾಗಿರಬೇಕು. ವರುಷವೆಲ್ಲ ಕಾಣುವುದು ಅದರಂತೆಯೇ ಇರುವುದೆಂಬ ನಂಬಿಕೆ. ಅದಕ್ಕಾಗಿ ಹಿಂದಿನ ರಾತ್ರಿಯೇ ಸಿದ್ಧತೆ. ಬಾಳೆಯ ಎಲೆಯ ಮೇಲೆ ಬೆಳ್ತಿಗೆ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಅಡಕೆ. ಹಳದಿ ತಿರುಗಿದ ಸೌತೆಕಾಯಿ, ಎಳೆಯ ಹಲಸು, ಮಾವು, ಗೇರುಹಣ್ಣು, ಬಾಳೆಯ ಗೊನೆಯಿಂದ ಮುರಿದ ಚಿಪ್ಪು. ಕೇಪುಳದ ಕೆಂಪು ಹೂ, ಕೊಂದೆಯ ಹಳದಿ ಹೂ. ಸೊಸೆಯ ಕೊರಳಿನಿಂದ ತೆಗೆದಿಟ್ಟ ಚಿನ್ನದ ಸರ. ಇವೆಲ್ಲದರ ಹಿಂದೆ ಗೋಡೆಗೆ ಒರಗಿಸಿದ ಕನ್ನಡಿ. ಅಂಗಡಿಯಿಂದ ತಂದುದು ಬಹಳ ಕಡಮೆ. ಆ ತಿಂಗಳಿನಲ್ಲಿ ಆ ಮಣ್ಣು ಏನನ್ನು ಕೊಡುವುದೋ ಅದೇ ಕಣಿ.

ಮೇಷ್ಟರು ಬಾಗಿಲ ಬಳಿಯಲ್ಲಿ ನಿಂತು ಇದನ್ನೆಲ್ಲ ನೋಡಿ ಬಂದು ಮಲಗಿದರು. ನಿದ್ರೆ ಬರಲಿಲ್ಲ. ಹೊಸ ವರುಷದ ಮೊದಲ ನೋಟಕ್ಕೆ ಇಷ್ಟು ಎಚ್ಚರಿಕೆ ವಹಿಸುವ ಮನೆಯಲ್ಲಿ ತಾನು ಬಂದು ಮಲಗಿರುವೆನಲ್ಲ ಎಂಬ ಯೋಚನೆ ಅವರನ್ನು ಕಾಡಿತು. ನಸುಕಿನಲ್ಲಿ ಮಕ್ಕಳು ಕಣಿಯ ಕಡೆಗೆ ಬರುವಾಗ ಚಾವಡಿಯಲ್ಲಿ ಎದುರಾಗುವುದು ತನ್ನ ಮುಖ. ಎಂಟೊಂಬತ್ತು ತಿಂಗಳ ಹಿಂದೆ ಹೆಂಡತಿಯನ್ನು ಸುಟ್ಟುಬಂದವನ ಮುಖ. ಗಣಿತ ಬಲ್ಲವರು ಇದನ್ನು ನಂಬಬಾರದು. ಆದರೆ ದುಃಖದಲ್ಲಿರುವವನು ತಾನು ನಂಬದ ಮಾತಿಗೂ ಹೆದರುತ್ತಾನೆ. ನಾಲ್ಕು ಗಂಟೆಗೆ ಅವರು ಸದ್ದಾಗದಂತೆ ಎದ್ದು, ಅಗಳಿ ತೆಗೆದು, ತೆಂಗಿನ ತೋಟವನ್ನು ದಾಟಿ ಮರಳಿನ ಮೇಲೆ ಹೋಗಿ ಕುಳಿತರು. ಎಲ್ಲರೂ ಕಣಿ ನೋಡಿ ಮುಗಿಸಿದ ಮೇಲೆ ಹಿಂದಿರುಗುವುದೆಂದು ಅವರ ಎಣಿಕೆ.

ಏಪ್ರಿಲಿನ ಸಮುದ್ರಕ್ಕೆ ಮಳೆಗಾಲದ ಆರ್ಭಟವಿಲ್ಲ. ಅಲೆಗಳು ಒಂದೊಂದಾಗಿ ಬಂದು, ನೊರೆಯ ಒಂದು ಗೆರೆ ಎಳೆದು, ಅದನ್ನು ತಾವೇ ಒರಸಿ ಹೋಗುತ್ತಿದ್ದುವು. ದೀಪಸ್ತಂಭದ ಬೆಳಕು ಕ್ಷಣಕ್ಕೊಮ್ಮೆ ನೀರಿನ ಮೇಲೆ ಬಂದು ಹೋಗುತ್ತಿತ್ತು. ದೂರದಲ್ಲಿ ದೋಣಿಗಳ ನಾಲ್ಕೈದು ದೀಪಗಳು. ಮೇಷ್ಟರ ಪತ್ನಿಯು ಸಮುದ್ರವನ್ನು ಕಂಡವರಲ್ಲ. ಮುಂದಿನ ರಜೆಗೆ ಹೋಗೋಣ, ಮಗಳ ಮದುವೆ ಮುಗಿಯಲಿ, ನಿವೃತ್ತಿಯಾಗಲಿ ಎಂದು ಮೂವತ್ತು ವರುಷ ಮುಂದೂಡಿದ ಪ್ರಯಾಣವದು. ಅದು ಈಗ ಆಯಿತು, ಒಬ್ಬರಿಗೆ. ಹಿಂದಿನ ದಿನ ಬಸ್ಸಿನಲ್ಲಿ ಬರುವಾಗಲೂ ಇದು ಅವರಿಗೆ ಹೊಳೆದಿರಲಿಲ್ಲ; ಹೊಳೆಯದಂತೆ ನೋಡಿಕೊಂಡಿದ್ದರು. ಕತ್ತಲೆಯಲ್ಲಿ, ಯಾರೂ ಕಾಣದಲ್ಲಿ, ಆ ಲೆಕ್ಕವು ತಾನಾಗಿಯೇ ಬಂದು ಎದುರು ನಿಂತಿತು.

“ಎಂತ ಮಾಷ್ಟ್ರೇ, ಕಣಿ ನೋಡುವ ಬದಲು ಕಡಲು ನೋಡಲಿಕ್ಕೆ ಬಂದದ್ದಾ?”

ಅಜ್ಜಿಯು ಕೈಯಲ್ಲಿ ಟಾರ್ಚು ಹಿಡಿದು ತೆಂಗಿನ ಬುಡದಲ್ಲಿ ನಿಂತಿದ್ದರು. ದೀಪ ಹಚ್ಚಲು ಎದ್ದವರು ಬಾಗಿಲು ತೆರೆದಿರುವುದನ್ನು ಕಂಡು ಬಂದಿದ್ದರು. ಮೇಷ್ಟರು ಎದ್ದು ನಿಂತು, ಸ್ವಲ್ಪ ತಡೆದು, “ಅಮ್ಮಾ, ನಮ್ಮ ಮನೆಯಲ್ಲಿ ಇನ್ನೂ ವರ್ಷ ತುಂಬಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಮಕ್ಕಳ ಕಣ್ಣಿಗೆ ನನ್ನ ಮುಖ ಬೀಳಬಾರದು ಅಂತ ಈಚೆ ಬಂದೆ,” ಎಂದರು.

ಮುದುಕಿಯು ಕೂಡಲೇ ಉತ್ತರ ಹೇಳಲಿಲ್ಲ. ಟಾರ್ಚನ್ನು ಆರಿಸಿ ಮರಳಿನ ಮೇಲೆ ಕುಳಿತರು. ಆಮೇಲೆ ಹೇಳಿದರು: “ಕಣಿ ಇಟ್ಟದ್ದು ಯಾರು? ನಾನು. ನಮ್ಮ ಯಜಮಾನರು ಹೋಗಿ ಹತ್ತೊಂಬತ್ತು ಬಿಸು ಆಯಿತು. ವರ್ಷ ತುಂಬಿದ ಮೇಲೆಯೂ ನಾನು ಕಣಿಯ ಹತ್ತಿರ ಹೋಗಲಿಲ್ಲ; ಅಡಿಗೆಮನೆಯಲ್ಲಿ ಬಾಗಿಲು ಹಾಕಿ ಕೂತೆ. ಆಗ ನಮ್ಮ ಅತ್ತೆ ಬಂದು ಬಾಗಿಲು ತಟ್ಟಿದರು. ‘ನನಗೆ ಕಣ್ಣು ಕಾಣುವುದಿಲ್ಲ, ನಿನಗೆ ಮನಸ್ಸಿಲ್ಲ, ಹಾಗಾದರೆ ಈ ಮನೆಯಲ್ಲಿ ಕಣಿ ಇಡುವುದು ಯಾರು?’ ಅಂತ ಕೇಳಿದರು. ಅಂದಿನಿಂದ ನಾನೇ ಇಡುವುದು. ಈ ಮಕ್ಕಳು ಹುಟ್ಟಿದಂದಿನಿಂದ ಬಿಸುವಿನ ದಿನ ಕಣ್ಣು ಬಿಡುವಾಗ ದೀಪದ ಆಚೆ ಕೂತಿರುವುದು ನಾನು. ಅವರಿಗೆ ಕೆಟ್ಟದ್ದು ಎಂತ ಆಗಿದೆ?”

ಮೇಷ್ಟರು ಮಾತಾಡಲಿಲ್ಲ. ಅಜ್ಜಿಯು ಮೊಣಕಾಲಿಗೆ ಕೈಯೂರಿ ಎದ್ದರು. “ವರ್ಷದೊಳಗೆ ಹಬ್ಬ ಮಾಡಬಾರದು ಎಂಬುದು ಸರಿ. ನೀವು ಮಾಡುವುದು ಬೇಡ. ಮಾಡುವವರು ನಾವು, ನೀವು ನೋಡಿ. ನೋಡುವುದಕ್ಕೆ ಯಾವ ಸೂತಕ?” ಎಂದು ಹೇಳಿ ಮುಂದೆ ನಡೆದರು.

ಶಾಸ್ತ್ರವನ್ನು ಮುರಿಯದೆ, ಅದರೊಳಗೆಯೇ ಒಬ್ಬ ಮನುಷ್ಯನು ಕುಳಿತುಕೊಳ್ಳುವಷ್ಟು ಸ್ಥಳವನ್ನು ಹುಡುಕಿಕೊಡುವ ಈ ಬುದ್ಧಿಯನ್ನು ಯಾವ ಪಾಠಶಾಲೆಯಲ್ಲಿ ಕಲಿಸುವರೋ ತಿಳಿಯದು. ನಮ್ಮ ಹಳೆಯ ಮನೆಗಳಲ್ಲಿ ಇಂಥ ಹೆಂಗಸರು ಒಬ್ಬಿಬ್ಬರು ಇದ್ದುದರಿಂದಲೇ ಕಟ್ಟಳೆಗಳು ಇಷ್ಟು ಕಾಲ ಬಾಳಿದುವು. ಅವುಗಳ ಕೆಳಗೆ ಮನುಷ್ಯರೂ ಬಾಳಿದರು.

ಅಂಗಳಕ್ಕೆ ಬಂದಾಗ ಕಿರಿಯ ಹುಡುಗನು ಎದ್ದು, ಕಣ್ಣುಗಳನ್ನು ಎರಡೂ ಕೈಗಳಿಂದ ಮುಚ್ಚಿಕೊಂಡು ತಾಯಿಯ ಸೆರಗಿನ ಬಳಿ ನಿಂತಿದ್ದನು. ಅವನು ಕಣಿ ನೋಡಿ ಬಂದ ಮೇಲೆ ಅಜ್ಜಿಯು ಅವನಿಗೆ, “ಮಾಷ್ಟ್ರನ್ನು ಕರೆದುಕೊಂಡು ಬಾ,” ಎಂದರು. ಆರು ವರುಷದ ಹುಡುಗನು ಅರುವತ್ತು ದಾಟಿದ ಮೇಷ್ಟರಿಗೆ ಕಣ್ಣು ಮುಚ್ಚಲು ಹೇಳಿ, ಕೈಹಿಡಿದು, “ಮೆಟ್ಟಿಲುಂಟು, ಹೊಸ್ತಿಲುಂಟು,” ಎಂದು ಎಚ್ಚರಿಸುತ್ತ ನಡೆಸಿಕೊಂಡು ಹೋದನು. “ಈಗ ಬಿಡಿ,” ಎಂದನು. ಅವರು ಕಣ್ಣುಬಿಟ್ಟರು.

ಎರಡು ಎಣ್ಣೆಯ ದೀಪಗಳ ಬೆಳಕಿನಲ್ಲಿ ಅಕ್ಕಿ, ಹೂ, ಹಣ್ಣು, ಚಿನ್ನ. ಅವುಗಳ ನಡುವೆ ಕನ್ನಡಿಯಲ್ಲಿ ಅವರದೇ ಮುಖ. ಯಾರಿಗೂ ತೋರಿಸಬಾರದೆಂದು ಸಮುದ್ರದ ಕಡೆಗೆ ಹೊತ್ತುಕೊಂಡು ಹೋಗಿದ್ದ ಮುಖವನ್ನು ಆ ಮನೆಯವರು ಫಲಧಾನ್ಯಗಳ ನಡುವೆ ಇಟ್ಟು ಅವರಿಗೇ ತೋರಿಸಿದರು. ಕಳೆದ ಒಂಬತ್ತು ತಿಂಗಳಲ್ಲಿ ಅದು ಬಹಳ ಸೊರಗಿತ್ತು, ಗಡ್ಡ ಬೆಳೆದಿತ್ತು. ಆದರೆ ಅಶುಭವಾಗಿ ಕಾಣಲಿಲ್ಲ. ಮನೆಯವರು ಹಿರಿಯರಿಗೆ ಕ್ರಮವಾಗಿ ನಮಸ್ಕರಿಸುವಾಗ ಮಕ್ಕಳು ಅಜ್ಜಿಯ ಕಾಲಿಗೆರಗಿ, ಕೇಳದೆಯೇ ಮೇಷ್ಟರ ಕಾಲಿಗೂ ಎರಗಿದರು. ಅವರ ಕೈ ತಾನಾಗಿ ಮಕ್ಕಳ ತಲೆಯ ಮೇಲೆ ಹೋಯಿತು.

ಬೆಳಕು ಹರಿದ ಮೇಲೆ ಗೆಳೆಯನು ಹಾರೆಯೊಂದನ್ನು ಹಿಡಿದು ಗದ್ದೆಗೆ ಇಳಿದನು. ಬಿಸುವಿನ ದಿನ ಗದ್ದೆಯ ಮೂಲೆಯಲ್ಲಿ ಒಂದಿಷ್ಟು ಮಣ್ಣನ್ನು ಸಡಿಲಿಸಿ ಒಂದು ಮುಷ್ಟಿ ಭತ್ತ ಬಿತ್ತುವರು. ಅದಕ್ಕೆ ಕೈಬಿತ್ತು ಎಂದು ಹೆಸರು. ಮಳೆ ಬಂದ ಮೇಲೆ ನಡೆಯುವ ಏಣೆಲು ಬೆಳೆಯ ಬೇಸಾಯಕ್ಕೆ ಇದೇ ನಾಂದಿ. ಆ ಗದ್ದೆಯ ಕಥೆಯನ್ನೂ ಅಜ್ಜಿಯು ಹೇಳಿದರು. ಅವರ ಮಾವನವರು ಅದನ್ನು ಗೇಣಿಗೆ ಮಾಡುತ್ತಿದ್ದವರು. ಆಗ ಬಿಸುವಿನಂದು ಒಕ್ಕಲಿನವರು ತಾವು ಬೆಳೆದ ಸೌತೆ, ಕುಂಬಳ, ಬದನೆಗಳನ್ನು ಬುಟ್ಟಿಯಲ್ಲಿಟ್ಟು ಧಣಿಗಳ ಮನೆಗೆ ಒಯ್ದು ಒಪ್ಪಿಸಬೇಕು. ಬುಳೆಕಾಣಿಕೆಯೆಂದು ಅದರ ಹೆಸರು. 1974ರ ಭೂಸುಧಾರಣೆಯ ಶಾಸನವು ಬಂದ ಮೇಲೆ ಉಳುವವರಿಗೆ ಹೊಲವು ದಕ್ಕಿತು. “ಆ ವರ್ಷದ ನಂತರ ಒಳ್ಳೆಯ ಸೌತೆಕಾಯಿ ನಮ್ಮ ಮನೆಯ ಕಣಿಯಲ್ಲಿ ಕೂತಿತು,” ಎಂದು ಅವರು ನಕ್ಕರು. ಆದರೆ ಧಣಿಗಳ ಮನೆಯ ಈಗಿನವರಿಗೆ ಇಂದಿಗೂ ಒಂದು ಕಾಯಿ ಹೋಗುತ್ತದೆ. ಹಿಂದೆ ಹೋಗುತ್ತಿದ್ದುದು ಕಾಣಿಕೆ. ಈಗ ಹೋಗುವುದು ನೆರೆಕರೆಯ ಪ್ರೀತಿ. ಕಾಯಿ ಒಂದೇ, ಅದನ್ನು ಹೊರುವ ಬೆನ್ನು ಮಾತ್ರ ಈಗ ಬಾಗುವುದಿಲ್ಲ.

ಮಧ್ಯಾಹ್ನದ ಊಟವನ್ನು ಕುರಿತು ಬಹಳ ಹೇಳುವುದು ಬೇಡ. ಹೇಳದೆ ಬಿಡುವುದೂ ಕೃತಘ್ನತೆ. ಹಬ್ಬದ ದಿನ ಆ ಮನೆಯಲ್ಲಿ ಮೀನಿಲ್ಲ. ಮುಂಡೇವಿನ ಎಲೆಯ ಕೊಳವೆಯಲ್ಲಿ ಬೇಯಿಸಿದ ಮೂಡೆ, ಎಳೆಯ ಗೇರುಬೀಜ ಹಾಕಿದ ತೊಂಡೆಕಾಯಿಯ ಪಲ್ಯ, ಹಲಸಿನಕಾಯಿಯ ಹುಳಿ, ಕಾಡುಮಾವಿನ ಹಣ್ಣಿನ ಗೊಜ್ಜು, ತೆಂಗಿನ ಹಾಲಿನಲ್ಲಿ ಕುದಿಸಿದ ಹೆಸರುಬೇಳೆಯ ಪಾಯಸ. ಬೇವುಬೆಲ್ಲವನ್ನು ಅಲ್ಲಿ ಯಾರೂ ಹಂಚಲಿಲ್ಲ. ಕಹಿಯನ್ನು ಬೇರೆಯಾಗಿ ನೆನಪಿಸುವ ಅಗತ್ಯವು ಎಲ್ಲರಿಗೂ ಎಲ್ಲ ವರುಷವೂ ಇರುವುದಿಲ್ಲವಷ್ಟೆ. ಎರಡನೆಯ ಸಲ ಪಾಯಸ ಬಡಿಸಲು ಬಂದ ಸೊಸೆಗೆ ಮೇಷ್ಟರು ಕೈಯಡ್ಡ ಹಿಡಿಯಲಿಲ್ಲ.

ಮರುದಿನ ಬೆಳಿಗ್ಗೆ ಮರಳಿನ ಮೇಲೆ ಕೈರಂಪಣಿಯ ಬಲೆಯನ್ನು ಎಳೆಯುತ್ತಿದ್ದರು. ಹಿಂದೆ ಊರಿಗೆ ಊರೇ ಪಾಲುಗಾರರಾಗಿ ದಡದಿಂದ ದೊಡ್ಡ ರಂಪಣಿಯನ್ನು ಎಳೆಯುತ್ತಿದ್ದುದನ್ನೂ, 1970ರ ದಶಕದ ನಡುವಿನಲ್ಲಿ ಯಂತ್ರದ ದೋಣಿಗಳ ಪರ್ಸೀನ್ ಬಲೆಗಳು ಬಂದ ಮೇಲೆ ಅದು ಮರೆಯಾದುದನ್ನೂ ನೆರೆಮನೆಯ ಮೊಗವೀರ ಮುದುಕರು ವಿವರಿಸಿದರು. ಈಗ ಉಳಿದಿರುವುದು ಅದರ ಚಿಕ್ಕ ರೂಪ. ಹಗ್ಗದ ಕೊನೆಯಲ್ಲಿ ಒಂದು ಕೈ ಕಡಮೆಯಿತ್ತು. ಮುದುಕರು ಮೇಷ್ಟರಿಗೆ ಕಣ್ಣಿನಿಂದಲೇ ಹೇಳಿದರು. ಅರ್ಧ ಗಂಟೆ ಅವರು ಪಂಚೆಯನ್ನು ಎತ್ತಿಕಟ್ಟಿ, ತಾಳಕ್ಕೆ ಸರಿಯಾಗಿ ಹಿಂದೆ ಹಿಂದೆ ಹೆಜ್ಜೆ ಇಡುತ್ತ ಹಗ್ಗವೆಳೆದರು. ಅಂಗೈ ಕೆಂಪಾಯಿತು. ಬಲೆಯು ದಡ ಮುಟ್ಟಿದಾಗ ಒಳಗೆ ಬೂತಾಯಿ ಮೀನುಗಳು ಬೆಳ್ಳಿಯಂತೆ ಹೊಳೆದುವು. ಅಂದು ಮಧ್ಯಾಹ್ನ ಅವರು ಎರಡು ವಿಧದ ಮೀನನ್ನು ಉಂಡು, ಚಾವಡಿಯಲ್ಲಿ ಸಂಜೆಯ ತನಕ ನಿದ್ರಿಸಿದರು. ಅಷ್ಟು ಗಾಢವಾಗಿ ಅವರು ಆಷಾಢದಿಂದೀಚೆಗೆ ನಿದ್ರಿಸಿದುದಿಲ್ಲ.

ಹೊರಡುವಾಗ ಅಜ್ಜಿಯು ಕಣಿಯಲ್ಲಿಟ್ಟಿದ್ದ ಸೌತೆಕಾಯಿಯನ್ನು ಬಾಳೆಯ ನಾರಿನಲ್ಲಿ ಕಟ್ಟಿ ಕೈಗೆ ಕೊಟ್ಟು, “ಮಾಡಿಗೆ ತೂಗುಹಾಕಿ. ಮಳೆಗಾಲ ಮುಗಿಯುವ ತನಕ ಕೆಡುವುದಿಲ್ಲ,” ಎಂದರು. ಹುಡುಗಿಯು, ಮುಂದಿನ ಬಿಸು ಎಂದು ಬರುವುದೆಂದು ಲೆಕ್ಕಹಾಕಿ ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಲೆಕ್ಕವು ಸರಿಯಾಗಿತ್ತು.

ಆ ಕಾಯಿಯು ಚಿತ್ರದುರ್ಗದ ಮನೆಯ ತೊಲೆಯಲ್ಲಿ ಎರಡು ಮೂರು ತಿಂಗಳು ತೂಗಿತು. ಆಷಾಢದಲ್ಲಿ ವರ್ಷಾಂತಿಕವು ನಡೆದು, ಮಗಳೂ ಅಳಿಯನೂ ಬಂದು, ಬಂಧುಗಳೆಲ್ಲ ಹಿಂದಿರುಗಿದ ಮರುದಿನ ಮೇಷ್ಟರು ಅದನ್ನು ಇಳಿಸಿ ಕೊಯ್ದರು. ಒಳಗೆ ಒಂದಿಷ್ಟೂ ಕೆಟ್ಟಿರಲಿಲ್ಲ. ಹುಳಿಯನ್ನು ಮಗಳು ಮಾಡಿದಳು. ಬೀಜಗಳನ್ನು ಅವರು ಬೂದಿಯಲ್ಲಿ ಹೊರಳಿಸಿ, ಒಣಗಿಸಿ, ಕಾಗದದ ಪೊಟ್ಟಣದಲ್ಲಿ ಕಟ್ಟಿಟ್ಟರು. ನೆರೆಯ ಮನೆಗೂ ಒಂದು ಬಟ್ಟಲು ಹುಳಿ ಹೋಯಿತು. ಅಂದು ಜಗಲಿಯಿಂದ ಹಿಂದಿರುಗಿದ ನೆರೆಯಾಕೆಯು ಇಂದು ಒಳಗೆ ಬಂದು ಕುಳಿತಳು.

ಹೊಸ ವರುಷವು ನಮ್ಮ ಬಾಗಿಲಿಗೆ ಬಂದಾಗ ನಾವು ಯಾವಾಗಲೂ ಬಾಗಿಲು ತೆರೆಯುವ ಸ್ಥಿತಿಯಲ್ಲಿರುವುದಿಲ್ಲ. ಅದು ನಿಂತು, ಕಾದು, ಮುಂದೆ ಹೋಗಿಬಿಡುವುದು. ಆದರೆ ಮುಂದಿನ ಊರಿನಲ್ಲಿ, ಇನ್ನೊಬ್ಬರ ಮನೆಯಲ್ಲಿ, ಯಾರೋ ಒಬ್ಬರು ನಮಗಾಗಿಯೂ ಅದನ್ನು ಒಂದು ಬಾಳೆಯೆಲೆಯ ಮೇಲೆ ತೆಗೆದಿರಿಸಿರುತ್ತಾರೆ. ಹೋಗಿ ನೋಡುವಷ್ಟು ಮನಸ್ಸು ಮಾಡಿದರೆ ಸಾಕು. ತಡವಾದರೂ ಅದು ಬರುತ್ತದೆ.